ಉಗುರಿಗೆ ಸಿಗುವ ಗೆರೆ

ತಿಂಗಳಿಗೊಂದು ಡಬ್ಬಿ ಮುಖದ ಪೌಡರ್ ಕೊಳ್ಳುವ ಒಂಟಿ ಗಂಡಸಿನ ಬಗ್ಗೆ ಯಾವ ಬೀದಿಯೂ ಸುಮ್ಮನಿರುವುದಿಲ್ಲ.

“ಈ ಸಲ ಮಲ್ಲಿಗೆ ವಾಸನೆದು ಬಂದಿದೆ, ಕೊಡ್ಲಾ?” ಎಂದು ಮೂಲೆಯಂಗಡಿಯಮ್ಮ ಕೇಳುತ್ತಾಳೆ. “ಗುಲಾಬಿ ಸಾಕಾಗಿರ್ಬೇಕು ನಿಮ್ಮೋಳಿಗೆ.”

“ಅವಳಿಗೆ ವಾಸನೆಯೆಲ್ಲ ಗೊತ್ತಾಗಲ್ಲ. ಯಾವುದೋ ಒಂದು ಕೊಡು.”

“ಅಯ್ಯೋ ಪಾಪ! ಮೂಗಿಲ್ವಾ?”

“ಇದೆ. ಅದರಲ್ಲಿ ಹೊಗೆ ಬಿಡ್ತಾಳೆ.”

ಅಂಗಡಿಯ ಮುಂದೆ ನಿಂತವರು ನಗುತ್ತಾರೆ. ಅವನೂ ಅರ್ಧ ನಕ್ಕು, ಡಬ್ಬಿಯನ್ನು ಜೇಬಿಗೆ ತುರುಕಿಕೊಂಡು, ಗಲ್ಲಿಯ ಕೊನೆಯ ತಗಡಿನ ಶೆಡ್ಡಿನ ಕಡೆ ನಡೆಯುತ್ತಾನೆ. ಬೀದಿ ಅವನಿಗೆ ಇಟ್ಟ ಹೆಸರು ಪೌಡರಣ್ಣ. ಹುಟ್ಟಿದಾಗ ಇಟ್ಟ ಹೆಸರಿನಿಂದ ಅವನನ್ನು ಯಾರಾದರೂ ಕರೆದು ಹನ್ನೊಂದು ವರ್ಷವಾಯಿತು.

ಶೆಡ್ಡಿನ ಮುಂದಿನ ಅರ್ಧ ಕೆಲಸಕ್ಕೆ, ಹಿಂದಿನ ಅರ್ಧ ಅವನಿಗೆ. ನಡುವೆ ಒಂದು ಪರದೆ. ಅದರ ಅಂಚು ಅವನ ಕೈ ಹಿಡಿಯುವ ಎತ್ತರದಲ್ಲಿ ಮಾತ್ರ ಕಪ್ಪಾಗಿದೆ. ಪರದೆಯ ಆಚೆ ಮಂಚ, ಒಲೆ, ಒಂದು ತಟ್ಟೆ, ಎರಡು ಲೋಟ. ಎರಡನೇ ಲೋಟದಲ್ಲಿ ಸಣ್ಣ ಸ್ಕ್ರೂಗಳಿವೆ. ಈಚೆಗೆ ಎರಡು ಕುರ್ಚಿ. ಒಂದರ ಮೇಲೆ ಅವನು ಕೂರುತ್ತಾನೆ, ಇನ್ನೊಂದರ ಮೇಲೆ ಹಳೆಯ ಬ್ಯಾಟರಿ ಕೂತಿದೆ. ಗೋಡೆಯಲ್ಲಿ ಎರಡು ಮೊಳೆ. ಒಂದಕ್ಕೆ ಅವನ ಚಾಳೀಸು ಕನ್ನಡಕ ನೇತಾಡುತ್ತದೆ. ಇನ್ನೊಂದಕ್ಕೆ ಬಳೆಯಷ್ಟು ದೊಡ್ಡ ಹಳೆಯ ರಬ್ಬರ್ ಉಂಗುರ. ಅದು ಯಾತಕ್ಕೆ ಅಲ್ಲಿದೆ ಎಂದು ಕೇಳಿದವರಿಗೆ “ಮೊಳೆ ಖಾಲಿ ಇತ್ತು” ಎನ್ನುತ್ತಾನೆ.

ಅವನ ಕೆಲಸ ಹುಲ್ಲುಗಾಡಿಗಳ ರಿಪೇರಿ. ಸೀಟಿನ ಮೇಲೆ ಕೂತು, ಸ್ಟೇರಿಂಗ್ ಹಿಡಿದು, ಹೊಟ್ಟೆಯ ಕೆಳಗೆ ತಿರುಗುವ ಬ್ಲೇಡಿನಿಂದ ಮೈದಾನಗಳ ಹುಲ್ಲು ಕತ್ತರಿಸುತ್ತಾರಲ್ಲ, ಆ ಗಾಡಿಗಳು. ಶಾಲೆಗಳಿಂದ, ಆಸ್ಪತ್ರೆಗಳಿಂದ, ಆಟದ ಬಯಲುಗಳಿಂದ ಅವು ಬರುತ್ತವೆ. ಬ್ಲೇಡು ಮೊಂಡಾದರೆ, ಬೆಲ್ಟು ಹರಿದರೆ ಯಾರು ಬೇಕಾದರೂ ಸರಿಮಾಡುತ್ತಾರೆ. ಎಣ್ಣೆ ಸೋರಿದರೆ ಮಾತ್ರ ಪೌಡರಣ್ಣನೇ ಬೇಕು. ಎಣ್ಣೆ ಎಲ್ಲೋ ಮೇಲೆ ಹುಟ್ಟಿ ಕೆಳಗೆ ಇಳಿಯುತ್ತದೆ. ಇಂಜಿನ್ನಿನ ಫ್ಯಾನ್ ಅದನ್ನು ಬೀಸಿ ಎಲ್ಲ ಕಡೆಗೂ ಎರಚುತ್ತದೆ. ಧೂಳು ಅಂಟಿ ಇಡೀ ಇಂಜಿನ್ನು ಒಂದೇ ಕಪ್ಪು ಮುದ್ದೆಯಾಗುತ್ತದೆ. ಅವನು ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಹೊಡೆದು ಒಣಗಿಸಿ, ಮಗುವಿಗೆ ಹಚ್ಚಿದ ಹಾಗೆ ಮೈತುಂಬ ಪೌಡರ್ ಉದುರಿಸುತ್ತಾನೆ. ಆಮೇಲೆ ಸ್ಟಾರ್ಟ್ ಮಾಡಿ ಎದುರಿಗೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಹತ್ತು ನಿಮಿಷವೋ, ಒಂದು ಗಂಟೆಯೋ. ಬಿಳಿಯ ಮೇಲೆ ಎಲ್ಲೋ ಒಂದು ಕಡೆ ಸಾಸಿವೆಯಷ್ಟು ಕಪ್ಪು ಮೂಡುತ್ತದೆ, ಎಳೆಯಾಗಿ ಇಳಿಯುತ್ತದೆ. ಎಳೆಯ ತುದಿ ಅವನಿಗೆ ಬೇಡ. ಅದರ ಬುಡ ಬೇಕು.

ಶೆಡ್ಡು ಅಪ್ಪನದು. ಅಪ್ಪ ಪೌಡರ್ ಮುಟ್ಟಿದವರಲ್ಲ, ಅವರಿಗೆ ಕಣ್ಣೇ ಸಾಕಿತ್ತು. “ಎಣ್ಣೆ ಕಾಣೋ ಜಾಗ ಸುಳ್ಳು ಹೇಳುತ್ತೆ ಮಕ್ಳಾ. ಮೇಲೆ ನೋಡಿ, ಇನ್ನೂ ಮೇಲೆ ನೋಡಿ” ಎನ್ನುತ್ತಿದ್ದರು. ಮಕ್ಕಳು ಇಬ್ಬರು. ಇವನು ಚಿಕ್ಕವನು, ಅಣ್ಣ ನಾಲ್ಕು ವರ್ಷ ದೊಡ್ಡವನು. ಎಣ್ಣೆಯ ದೊಡ್ಡ ಡ್ರಮ್ಮು ಶೆಡ್ಡಿನ ಕತ್ತಲ ಮೂಲೆಯಲ್ಲಿತ್ತು. ಅದನ್ನು ಅಳೆಯಲು ಅಪ್ಪ ಒಂದು ಕೋಲಿಗೆ, ಕಬ್ಬಿಣ ಉಜ್ಜುವ ಮೂರು ಮೂಲೆ ಅರದಿಂದ, ಓರೆಯಾಗಿ ಗೀರು ಹಾಕಿದ್ದರು, ಎಡಕ್ಕೆ ವಾಲಿದ ಗೀರು. ಕಣ್ಣಿಗೆ ಕಾಣದಿದ್ದರೂ ಉಗುರಿಗೆ ಸಿಗುತ್ತಿತ್ತು. ಅಣ್ಣ ತಮ್ಮಂದಿರು ಪಂದ್ಯ ಕಟ್ಟಿ, ಕಣ್ಣು ಮುಚ್ಚಿಕೊಂಡು ಅಳೆಯುತ್ತಿದ್ದರು. “ಎಣ್ಣೆ ಬಂದಾಗ ಕಣ್ಣು ಮುಚ್ಕೋಳೋ ಗಂಡುಮಕ್ಳು ನನಗೇ ಹುಟ್ಬೇಕಿತ್ತಾ!” ಎಂದು ಅಪ್ಪ ಗೊಣಗುತ್ತಿದ್ದರು.

ಅಪ್ಪ ಹೋದ ಮೇಲೂ ಇಬ್ಬರೂ ಒಟ್ಟಿಗೇ ಶೆಡ್ಡು ನಡೆಸಿದರು. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಅದು ಮುಗಿಯಿತು. ಅಣ್ಣ ಎಣ್ಣೆ ಬದಲಾಯಿಸಿ ಕಳಿಸಿದ್ದ ಗಾಡಿಯೊಂದು ಮೂರೇ ದಿನಕ್ಕೆ ಎಣ್ಣೆಯೆಲ್ಲ ಸೋರಿ, ಇಂಜಿನ್ನು ಬಿಗಿದುಕೊಂಡು, ಸತ್ತು ವಾಪಸ್ಸು ಬಂತು. ಗಾಡಿಯವನು ಬೀದಿ ಕೇಳುವ ಹಾಗೆ ಕೂಗಾಡಿದ. ಇವನು ಗಾಡಿಯ ಕೆಳಗೆ ತೂರಿ ನೋಡಿದ. ಎಣ್ಣೆ ಇಳಿಸುವ ತೂತಿನ ಪ್ಲಗ್ಗು ಒದ್ದೆಯಾಗಿತ್ತು. ಈಚೆ ಬಂದು ಎಲ್ಲರೆದುರಿಗೆ ಹೇಳಿಯೇಬಿಟ್ಟ: “ಪ್ಲಗ್ ಬಿಗಿ ಮಾಡಿಲ್ಲ. ಅಣ್ಣನ ಕೈತಪ್ಪು.”

ಅಣ್ಣ ಸ್ಪ್ಯಾನರ್ ಕೆಳಗಿಟ್ಟ. “ನೀನು ನೋಡಿದ್ಯಾ?”

“ನೋಡ್ದೆ.”

ಅಣ್ಣ ಮೊಳಕೈವರೆಗೂ ಸೋಪು ಹಚ್ಚಿ ಕೈ ತೊಳೆದುಕೊಂಡ, ಟವೆಲನ್ನು ಮಡಿಸಿಟ್ಟು ಹೊರಟುಹೋದ. ಊರಿನ ಆ ತುದಿಯಲ್ಲಿರುವ ನೀರಿನ ಕಾರ್ಖಾನೆಯಲ್ಲಿ ಹುಲ್ಲುಗಾಡಿ ಓಡಿಸುವ ಕೆಲಸಕ್ಕೆ ಸೇರಿದ ಎಂದು ಆಮೇಲೆ ತಿಳಿಯಿತು.

ಎಂಟನೇ ದಿನ ಆ ಇಂಜಿನ್ನನ್ನು ಬಿಚ್ಚಿದಾಗ ಪ್ಲಗ್ಗು ಸುತ್ತಿಗೆ ಏಟಿಲ್ಲದೆ ಅಲುಗಲಿಲ್ಲ. ಅಷ್ಟು ಬಿಗಿಯಾಗಿತ್ತು. ಅದಕ್ಕಿಂತ ಗೇಣುದ್ದ ಮೇಲೆ, ತಿರುಗುವ ದಂಡದ ಸುತ್ತ ಕೂರುವ ರಬ್ಬರ್ ಸೀಲು ಒಳಗಡೆ ಹರಿದಿತ್ತು. ಎಣ್ಣೆ ಅಲ್ಲಿ ಹುಟ್ಟಿ ಪ್ಲಗ್ಗಿನ ಮೇಲೆ ಬಂದು ನಿಂತಿತ್ತು. ಅಪ್ಪ ಹೇಳಿಕೊಟ್ಟ ಮೊದಲ ಪಾಠ. ಆ ಸೀಲನ್ನು ಅವನು ಮೊಳೆಗೆ ನೇತುಹಾಕಿದ. ನಾಳೆ ಹೋಗಿ ಅಣ್ಣನಿಗೆ ಹೇಳಬೇಕು ಎಂದುಕೊಂಡ. ನಾಳೆ ಎನ್ನುವುದು ಸಣ್ಣ ಸೋರಿಕೆ. ಹನಿಹನಿಯಾಗಿ ಹೋಗುವಾಗ ಗೊತ್ತಾಗುವುದಿಲ್ಲ. ಪೌಡರ್ ಉದುರಿಸದೆ ಯಾವ ಇಂಜಿನ್ನಿನ ಬಗ್ಗೆಯೂ ಬಾಯಿ ಬಿಡುವುದಿಲ್ಲ ಎಂಬುದೊಂದನ್ನು ಮಾತ್ರ ಅಂದಿನಿಂದ ನಡೆಸಿಕೊಂಡು ಬಂದ.

ಈ ವರ್ಷ ನೀರಿನ ಕಾರ್ಖಾನೆಯ ಗಾಡಿಯನ್ನು ನೋಡುತ್ತಿದ್ದ ಗ್ಯಾರೇಜು ಮುಚ್ಚಿಹೋಗಿ, ಅದು ಇವನ ಬಾಗಿಲಿಗೆ ಬಂತು. ಮೊದಲ ಸಲ ಬಂದಾಗ ಪೌಡರಿನ ಮೇಲೆ ಏನೂ ಮೂಡಲಿಲ್ಲ; ಹಳತಾಗಿದೆಯೆಂದು ಮೇಲಿನ ಮುಚ್ಚಳದ ಸಂದಿಗೆ ಕೂರುವ ಗ್ಯಾಸ್ಕೆಟ್ ಬದಲಾಯಿಸಿ ಕಳಿಸಿದ. ಮೂರು ವಾರಕ್ಕೆ ಮತ್ತೆ ಸೋರಿತು. ಎರಡನೇ ಸಲ ಕೆಳಗಿನ ಸೀಲು ಬದಲಾಯಿಸಿದ. ಮತ್ತೆ ಮೂರು ವಾರ. ಎರಡೂ ಸಲ ಲಾರಿಯ ಹಲಗೆ ಹೊಲಸಾಗಬಾರದೆಂದು ಅವರು ಎಣ್ಣೆಯನ್ನೆಲ್ಲ ಇಳಿಸಿಯೇ ತಂದಿದ್ದರು. “ಇನ್ನೊಂದ್ಸಲ ಸೋರಿದ್ರೆ ಎಣ್ಣೆ ಮುಟ್ಬೇಡಿ, ಹಾಗೇ ತಗೊಂಡ್ ಬನ್ನಿ” ಎಂದು ಹೇಳಿ ಕಳಿಸಿದ್ದ.

ಮೂರನೇ ಸಲ ಲಾರಿಯವನು ಬೆಳಗ್ಗೆಯೇ ಹಾರ್ನ್ ಹೊಡೆದ.

“ಪೌಡರಣ್ಣಾ! ಮಗಳು ಮತ್ತೆ ತವರಿಗೆ ಬಂದ್ಲು. ಗಂಡನ ಮನೇಲಿ ಮೂರು ವಾರದ ಮೇಲೆ ಬಾಳೋ ಹಾಗೆ ಕಾಣಲ್ಲ.”

“ಎಣ್ಣೆ ಇಳಿಸಿಲ್ಲ ತಾನೆ?”

“ನೀವು ಹೇಳಿದ ಹಾಗೇ ತಂದಿದೀನಿ. ಹಲಗೆ ಮೇಲೆ ನಾನು ಜಾರಿ ಬಿದ್ರೆ ಸೊಂಟಕ್ಕೂ ನೀವೇ ಗ್ಯಾಸ್ಕೆಟ್ ಹಾಕ್ಬೇಕು.” ಅವನು ಗಾಡಿಯನ್ನು ಹಲಗೆಯಿಂದ ಇಳಿಸಿ, ಜೇಬಿನಿಂದ ಒಂದು ಹಾಳೆ ತೆಗೆದ. “ಇದನ್ನ ತುಂಬಿ ಕೊಡ್ಬೇಕಂತೆ. ಅಲ್ಲಿ ಹುಲ್ಲಿನ ಕೆಳಗೇ ಕುಡಿಯೋ ನೀರಿನ ತೊಟ್ಟಿ ಅಲ್ವಾ? ಒಂದು ಹನಿ ಎಣ್ಣೆ ಬಿದ್ರೂ ಸಾಹೇಬ್ರ ಎದೆ ಒಡೆಯುತ್ತೆ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದಾರೆ ಅವರು. ಗಾಡಿ ತಪ್ಪಾದ್ರೆ ರಿಪೇರಿ ಮಾಡಿಸ್ತಾರಂತೆ. ಓಡಿಸೋನ ತಪ್ಪಾದ್ರೆ ಅವನನ್ನ ಮನೆಗೆ ಕಳಿಸ್ತಾರಂತೆ. ಇನ್ನೂ ಒಂದ್ಸಲ ಸೋರಿದ್ರೆ ಎರಡೂ ಗುಜರಿಗೆ.”

ಹಾಳೆಯಲ್ಲಿ ಎರಡು ಚೌಕಗಳಿದ್ದವು. ಒಂದರ ಮುಂದೆ ‘ಯಂತ್ರದ ದೋಷ’. ಇನ್ನೊಂದರ ಮುಂದೆ ‘ಚಾಲಕನ ಲೋಪ’. ಕೆಳಗೆ ‘ಕಾರಣ’ ಎಂದು ಒಂದು ಗೆರೆ.

“ಓಡಿಸೋರು ಏನಂತಾರೆ?” ಎಂದು ಅವನು ಹಾಳೆಯನ್ನೇ ನೋಡುತ್ತ ಕೇಳಿದ.

“ಆ ಯಜಮಾನ್ರಾ? ಬಾಯಿ ಬಿಟ್ರೆ ಮುತ್ತು ಉದುರುತ್ತೆ ಅನ್ನೋ ಹಾಗೆ ಇರ್ತಾರೆ. ಗಾಡಿ ಎಲ್ಲಿಗೆ ಹೋಗುತ್ತೆ, ಯಾರು ಬಿಚ್ತಾರೆ, ಒಂದೂ ಕೇಳಲ್ಲ.”

ಲಾರಿ ಹೋದ ಮೇಲೆ ಅವನು ಕನ್ನಡಕ ಹಾಕಿಕೊಂಡು ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದ. ಕಡ್ಡಿ ಗೆರೆಯಿಂದ ಎರಡು ಬೆರಳು ಮೇಲಿನವರೆಗೂ ಒದ್ದೆಯಾಗಿತ್ತು. ಒರೆಸಿ ಮತ್ತೆ ಅದ್ದಿ ನೋಡಿದ. ಅಷ್ಟೇ. ಎಣ್ಣೆ ಕಡಿಮೆಯಾಗಿರಲಿಲ್ಲ, ಸೋರಿದ ಮೇಲೂ ಹೆಚ್ಚಾಗಿಯೇ ಇತ್ತು. ಅಷ್ಟು ಎಣ್ಣೆ ತುಂಬಿದರೆ ಒಳಗೆ ಅದು ಕಡೆದು ನೊರೆಯಾಗುತ್ತದೆ. ಉಸಿರಾಡಲು ಜಾಗವಿಲ್ಲದೆ ಇಂಜಿನ್ನು ಸಂದುಸಂದಿನಿಂದ ಎಣ್ಣೆಯನ್ನು ಹೊರಕ್ಕೆ ನೂಕುತ್ತದೆ.

ಆದರೂ ಅವನು ನಿಯಮ ಬಿಡಲಿಲ್ಲ. ಹೆಚ್ಚಿನ ಎಣ್ಣೆ ಇಳಿಸಿ, ಸರಿಯಾದ ಅಳತೆಗೆ ತಂದು, ಇಂಜಿನ್ನು ತೊಳೆದು ಪೌಡರ್ ಹಾಕಿದ. ಮಧ್ಯಾಹ್ನದವರೆಗೂ ಎದುರಿಗೆ ಕೂತ. ತಗಡಿನ ಮೇಲೆ ಬಿಸಿಲು ಟಪಟಪ ಅನ್ನುತ್ತಿತ್ತು. ಇಂಜಿನ್ನು ಹಿಟ್ಟಿನ ಗಿರಣಿಯವನ ಹುಬ್ಬಿನಂತೆ ಬೆಳ್ಳಗೇ ಉಳಿಯಿತು. ಒಂದು ಎಳೆಯೂ ಇಳಿಯಲಿಲ್ಲ.

ಅಲ್ಲಿಗೆ ಗೊತ್ತಾಯಿತು. ಗಾಡಿ ಸರಿಯಾಗಿದೆ. ದಿನಾ ಬೆಳಗ್ಗೆ ಯಾರೋ ಅದಕ್ಕೆ ಬೇಡದ ಎಣ್ಣೆ ಹೊಯ್ಯುತ್ತಿದ್ದಾರೆ.

ಯಾರೋ ಅಲ್ಲ. ಅಣ್ಣ.

ಅವನು ಕಡ್ಡಿಯನ್ನು ಬೆಳಕಿಗೆ ಹಿಡಿದ. ಬರಿಗಣ್ಣಿಗೆ ಹೊಳಪು ಮಾತ್ರ ಕಂಡಿತು. ಮೊಳೆಯಿಂದ ಮತ್ತೆ ಕನ್ನಡಕ ತೆಗೆದು ಹಾಕಿಕೊಂಡ ಮೇಲೆ, ವರ್ಷಗಟ್ಟಲೆ ಒರೆಸಿ ಒರೆಸಿ ಸವೆದ ಎರಡು ಗೆರೆಗಳು ಕೂದಲಿನ ನೆರಳಿನಂತೆ ಕಂಡವು. ಕನ್ನಡಕ ತೆಗೆದ, ಗೆರೆ ಹೋಯಿತು. ಹಾಕಿದ, ಬಂತು.

ಅವನಿಗೆ ಚಾಳೀಸು ಬಂದಿದ್ದನ್ನು ಕಂಡುಹಿಡಿದವಳು ಅಂಗಡಿಯಮ್ಮ. ಡಬ್ಬಿಯ ಮೇಲಿನ ಅಕ್ಷರ ಓದಲು ಅವನು ಕೈಯನ್ನು ದೂರ ದೂರ ಚಾಚುತ್ತಿದ್ದಾಗ, “ಇನ್ನೊಂದು ಮೊಳ ಕೈ ಬೆಳೀಬೇಕು, ಇಲ್ಲಾ ಕನ್ನಡಕ ಹಾಕ್ಕೋಬೇಕು. ಯಾವುದು ಬೇಗ ಆಗುತ್ತೋ ನೋಡಿ” ಎಂದಿದ್ದಳು. ಅವಳು ಅನ್ನದಿದ್ದರೆ ಅವನು ಇನ್ನೂ ಕೈ ಚಾಚುತ್ತಲೇ ಇರುತ್ತಿದ್ದ. ಹತ್ತಿರದ್ದು ಕಾಣುವುದಿಲ್ಲ ಎಂದು ತನಗೆ ತಾನೇ ತಿಳಿಯುವುದು ಕಷ್ಟ. ಪಕ್ಕದಲ್ಲಿ ಇರುವವರು ಹೇಳಬೇಕು.

ನಾಲ್ಕು ವರ್ಷ ದೊಡ್ಡವನಾದ ಅಣ್ಣನಿಗೂ ಈ ಗೆರೆ ಕಾಣುತ್ತಿರಲಿಕ್ಕಿಲ್ಲ. ಆದರೆ ಅವನಿಗೆ ಅತ್ತಿಗೆ ಇದ್ದಾಳಲ್ಲ. ಅಕ್ಕಿಯಲ್ಲಿನ ಒಂದು ಕಲ್ಲನ್ನೂ ಬಿಡದ ಕಣ್ಣು ಅವಳದು. ಅಂಗಿಯ ಗುಂಡಿ ಸಡಿಲವಾಗಿದ್ದರೆ ಗಂಡನಿಗಷ್ಟೇ ಅಲ್ಲ, ಮೈದುನನಿಗೂ ಬಾಗಿಲಲ್ಲೇ ನಿಲ್ಲಿಸಿ ಹೊಲಿದುಕೊಡುತ್ತಿದ್ದಳು. ಅವಳು ಹೇಗೆ ಹೇಳಲಿಲ್ಲ?

ಸಂಜೆ ಲಾರಿಯವನಿಗೆ ಫೋನ್ ಮಾಡಿದ. ಗಾಡಿ ನಾಳೆ ಸಿಗುತ್ತದೆ ಎಂದ. ಮಾತು ಮುಗಿದ ಮೇಲೂ ಫೋನ್ ಇಡಲಿಲ್ಲ.

“ಆ ಯಜಮಾನ್ರ ಮನೇಲಿ ಯಾರ್ಯಾರಿದಾರೆ?”

“ಯಾರಿದಾರೆ? ಅವರೇ. ಹೆಂಡ್ತಿ ತೀರ್ಕೊಂಡು ಮೂರು ವರ್ಷ ಆಯ್ತಲ್ಲ. ಮಕ್ಳಿಲ್ಲ, ಮರಿ ಇಲ್ಲ. ಯಾಕೆ, ಪರಿಚಯವಾ?”

“ಇಲ್ಲ” ಎಂದ. ಆಮೇಲೆ, “ಹೂಂ” ಎಂದ. ಲಾರಿಯವನು ಆಗಲೇ ಫೋನ್ ಇಟ್ಟಿದ್ದ.

ಅವನು ಬ್ಯಾಟರಿ ಕೂತಿದ್ದ ಕುರ್ಚಿಯನ್ನು ನೋಡಿದ. ಮೂರು ವರ್ಷ. ಅಷ್ಟೂ ದಿನ ಅವನು ಅತ್ತಿಗೆಯನ್ನು ಬದುಕಿರುವವಳೆಂದೇ ಎಣಿಸಿ, ಅಣ್ಣನಿಗೆ ಜೊತೆಯಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಅಂಗಿಯ ಮೂರನೇ ಗುಂಡಿಯನ್ನು ಸುಮ್ಮನೆ ಮುಟ್ಟಿ ನೋಡಿಕೊಂಡ.

ಆಮೇಲೆ ಹಾಳೆಯನ್ನು ಎದುರಿಗಿಟ್ಟುಕೊಂಡು ಕೂತ. ಹನ್ನೊಂದು ವರ್ಷದ ಹಿಂದೆ ಸುಳ್ಳಾಗಿದ್ದ ಮಾತು ಈಗ ನಿಜವಾಗಿತ್ತು: ಅಣ್ಣನ ಕೈತಪ್ಪು. ಪೌಡರೂ ಅದನ್ನೇ ಹೇಳುತ್ತಿತ್ತು. ಒಂದು ಚೌಕದಲ್ಲಿ ಒಂದು ಗೀಟು, ಅಷ್ಟೇ. ಆದರೆ ಎಣ್ಣೆ ಕಾಣುವ ಜಾಗ ಸುಳ್ಳು ಹೇಳುತ್ತದೆ. ಗೆರೆ ಕಾಣದವನು ಅಂದಾಜಿನಲ್ಲಿ ಹೊಯ್ಯುತ್ತಾನೆ, ಸರಿ. ಹೆಚ್ಚೇ ಯಾಕೆ ಹೊಯ್ಯಬೇಕು? ಅಪ್ಪನ ಇನ್ನೊಂದು ಮಾತು ಅವನಿಗೆ ನೆನಪಾಯಿತು: “ಎಣ್ಣೆ ಜಾಸ್ತಿಯಾದ್ರೆ ಇಂಜಿನ್ ಅಳುತ್ತೆ. ಕಮ್ಮಿಯಾದ್ರೆ ಸಾಯುತ್ತೆ.” ಎಣ್ಣೆ ಕಡಿಮೆಯಾಗಿ ಇಂಜಿನ್ನು ಸಾಯಿಸಿದವನು ಎಂದು ಬೀದಿಯೆದುರು ಹೇಳಿಸಿಕೊಂಡವನು, ಸಾಯುವುದಕ್ಕಿಂತ ಅಳಲಿ ಎಂದು ದಿನಾ ಬೆಳಗ್ಗೆ ಒಂದು ಗುಟುಕು ಹೆಚ್ಚಿಗೆ ಹೊಯ್ಯುತ್ತಾನೆ. ಮೇಲೆ ನೋಡಿ, ಇನ್ನೂ ಮೇಲೆ ನೋಡಿ. ಸೋರಿಕೆಯ ಬುಡ ಈ ಶೆಡ್ಡಿನಲ್ಲೇ ಇತ್ತು. ಅವನ ಬಾಯಲ್ಲಿ.

ಕನ್ನಡಕ ಕೊಂಡು ಕಳಿಸಬಹುದಿತ್ತು. ಅಣ್ಣ ಅದನ್ನು ಮುಟ್ಟುವವನಲ್ಲ. ಪತ್ರ ಬರೆದರೆ ಅವನ ಕಣ್ಣಿಗೆ ಅಕ್ಷರ ಕಾಣುವುದೇ ಅನುಮಾನ.

ಡ್ರಾಯರಿನ ತಳದಿಂದ ಅಪ್ಪನ ಮೂರು ಮೂಲೆ ಅರವನ್ನು ತೆಗೆದ. ಕಡ್ಡಿಯನ್ನು ಮೇಜಿನ ವೈಸಿನ ದವಡೆಯಲ್ಲಿ ಬಿಗಿದು, ತುಂಬಿದ ಅಳತೆಯ ಗೆರೆ ಇದ್ದ ಕಡೆ, ಅಂಚಿನಲ್ಲಿ, ಒಂದು ಗೀರು ಹಾಕಿದ. ನೇರ ಗೀರಲ್ಲ, ಎಡಕ್ಕೆ ವಾಲಿದ ಗೀರು. ಕೆಳಗಿನ ಅಳತೆಗೆ ಅಂಥದೇ ಎರಡು. ಕಬ್ಬಿಣದ ಪುಡಿ ಇಂಜಿನ್ನಿನೊಳಗೆ ಹೋಗದ ಹಾಗೆ ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದ. ಆಮೇಲೆ ಕಡ್ಡಿಯನ್ನು ಅದ್ದಿ ಎಳೆದು, ಕಣ್ಣು ಮುಚ್ಚಿ, ಹೆಬ್ಬೆರಳನ್ನು ಒಣಗಿದ ಕಡೆಯಿಂದ ಕೆಳಕ್ಕೆ ಜಾರಿಸಿದ. ಉಗುರಿಗೆ ಗೀರು ಸಿಕ್ಕ ಮೇಲೆ ಬೆರಳಿಗೆ ಜಿಡ್ಡು ಸಿಕ್ಕಿತು. ಅಳತೆ ಸರಿ. ಗೀರಿಗಿಂತ ಮೊದಲೇ ಜಿಡ್ಡು ಸಿಕ್ಕರೆ ಹೆಚ್ಚು. ಡ್ರಮ್ಮಿನ ಕೋಲಿನ ಲೆಕ್ಕವೇ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಗಂಡುಮಗ! ಅವನಿಗೆ ನಗು ಬಂತು. ಖಾಲಿ ಶೆಡ್ಡಿನಲ್ಲಿ ತನ್ನ ನಗುವೇ ಬೇರೆ ಯಾರದೋ ಎಂಬಂತೆ ಕೇಳಿಸಿತು. ನಿಲ್ಲಿಸಿದ.

‘ಯಂತ್ರದ ದೋಷ’ ಎಂಬಲ್ಲಿ ಗುರುತು ಹಾಕಿದ. ಕಾರಣದ ಗೆರೆಯ ಮೇಲೆ ದುಂಡಗೆ ಬರೆದ: ‘ಎಣ್ಣೆ ಕಡ್ಡಿಯ ಗೆರೆ ಸವೆದಿತ್ತು. ಹೊಸ ಗೆರೆ ಹಾಕಿದೆ.’ ಒಂದಕ್ಷರವೂ ಸುಳ್ಳಿರಲಿಲ್ಲ.

ಮೂರು ವಾರ ಕಳೆಯಿತು, ಗಾಡಿ ಬರಲಿಲ್ಲ. ಆರು ವಾರ ಕಳೆಯಿತು. ರಿಪೇರಿಯವನಿಗೆ ಗಾಡಿ ಬರದಿರುವುದೇ ಸುದ್ದಿ. ಆದರೂ ಬೆಳಗ್ಗೆ ಹಾರ್ನ್ ಕೇಳಿದರೆ ಅವನ ಕೈ ನಿಲ್ಲುತ್ತಿತ್ತು. ಸರಿಯಾಗದಿದ್ದರೆ ಬರುತ್ತದೆ, ಸರಿಯಾಗಿದ್ದರೆ ಬರುವುದಿಲ್ಲ. ಯಾವುದನ್ನು ಬಯಸಬೇಕೋ ತಿಳಿಯದೆ ಅವನು ಚಹಾ ಕುಡಿದು ಲೋಟ ತೊಳೆದಿಡುತ್ತಿದ್ದ.

ಒಂಬತ್ತನೇ ವಾರ ಲಾರಿ ಬಂತು.

“ಹೆದರ್ಬೇಡಿ, ಜಗಳ ಮಾಡ್ಕೊಂಡು ಬಂದಿಲ್ಲ ನಿಮ್ಮ ಮಗಳು. ಬ್ಲೇಡ್ ಚೂಪು ಮಾಡ್ಸೋಕೆ ಬಂದಿದಾಳೆ ಅಷ್ಟೆ.” ಲಾರಿಯವನು ಹಲಗೆ ಇಳಿಸುತ್ತ ನಿಂತ. “ಹಾಂ, ಮರೆತಿದ್ದೆ. ನಿಮಗೊಂದು ಪ್ರಶ್ನೆ ಇದೆ. ಆ ಯಜಮಾನ್ರು ಬಾಯಿ ಬಿಟ್ರು ಕಣ್ರೀ! ನಾನೇ ಗಾಬರಿಯಾದೆ. ಆ ಗೀರು ಗರಗಸದಲ್ಲಿ ಹಾಕಿದ್ದಾ, ಅರದಲ್ಲಿ ಹಾಕಿದ್ದಾ ಕೇಳ್ಕೊಂಡ್ ಬಾ ಅಂದ್ರು.”

ಅವನು ಕೈಯಲ್ಲಿದ್ದ ಬಟ್ಟೆಯಿಂದ ಒಂದೊಂದೇ ಬೆರಳನ್ನು ಒರೆಸಿಕೊಂಡ. “ಅರದಲ್ಲಿ ಅಂತ ಹೇಳು. ಮೂರು ಮೂಲೆದು. ಅಪ್ಪಂದು.”

“ಯಾರಪ್ಪಂದು?”

“ಅಪ್ಪಂದು ಅಂದ್ರೆ ಸಾಕು.”

ಬಾನೆಟ್ ಎತ್ತಿದ. ಇಂಜಿನ್ನು ಒಣಗಿತ್ತು, ಧೂಳು ಮಾತ್ರ ಕೂತಿತ್ತು. ಕಡ್ಡಿ ಎಳೆದು ನೋಡಿದ. ಎಣ್ಣೆ ಗೀರಿನ ಮೇಲೆ ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ. ಬ್ಲೇಡು ಚೂಪು ಮಾಡಿ ಕೂರಿಸಿದ. ಲಾರಿಯವನು ಹೊರಡುವಾಗ ಗೋಡೆಯ ಮೊಳೆಯಿಂದ ರಬ್ಬರ್ ಉಂಗುರವನ್ನು ತೆಗೆದು, ಧೂಳು ಒರೆಸಿ, ಅವನ ಕೈಗೆ ಕೊಟ್ಟ.

“ಇದನ್ನ ಅವರಿಗೆ ಕೊಡು. ಒಂದು ಮಾತೂ ಇದೆ, ಹಾಗೇ ಹೇಳ್ಬೇಕು. ಆವತ್ತು ಪ್ಲಗ್ ಅಲ್ಲ, ಸೀಲು.”

“ಆವತ್ತು ಪ್ಲಗ್ ಅಲ್ಲ ಸೀಲು.”

“ತಿರುಗ ಮುರುಗ ಮಾಡ್ಬೇಡ.”

“ಮಾಡಲ್ಲ ಬಿಡಿ. ಪ್ಲಗ್ ಅಲ್ಲ, ಸೀಲು. ನೀವಿಬ್ರೂ ಸೇರಿ ನನ್ನನ್ನ ಅಂಚೆಯವನ್ನ ಮಾಡ್ತಿದೀರ.”

ನಾಲ್ಕನೇ ದಿನ ಲಾರಿ ಖಾಲಿಯಾಗಿ ಆ ದಾರಿಯಲ್ಲಿ ಹೋಗುತ್ತ, ಇಂಜಿನ್ ಆರಿಸದೆ ಶೆಡ್ಡಿನ ಮುಂದೆ ನಿಂತಿತು. ಅವನು ಬಾಗಿಲಿಗೆ ಬಂದ. ಲಾರಿಯವನು ಕಿಟಕಿಯಿಂದಲೇ ಕೂಗಿದ:

“ಹೇಳ್ದೆ! ತಪ್ಪಿಲ್ದೆ ಹೇಳ್ದೆ!”

“ಏನಂದ್ರು?”

“ಗೊತ್ತಿತ್ತು ಅಂದ್ರು.”

“ಏನು?”

“ಅಷ್ಟೇ. ಗೊತ್ತಿತ್ತು, ಅಂದ್ರು. ಆವತ್ತೇ ಗೊತ್ತಿತ್ತಂತೆ.”

ಅಣ್ಣನ ಕೈ ಅಣ್ಣನಿಗೆ ಗೊತ್ತಿರದೆ ಇರುತ್ತದೆಯೇ. ಎಷ್ಟು ಬಿಗಿ ಮಾಡಿದ್ದೇನೆ ಎಂದು ಗೊತ್ತಿದ್ದೂ ಸ್ಪ್ಯಾನರ್ ಕೆಳಗಿಟ್ಟಿದ್ದ. ತಮ್ಮ ಬಿಚ್ಚಿ ನೋಡುತ್ತಾನೆ, ತಿಳಿಯುತ್ತದೆ, ಬರುತ್ತಾನೆ ಎಂದು ಊರಿನ ಆ ತುದಿಯಲ್ಲಿ ಕಾದಿದ್ದ. ಅತ್ತಿಗೆ ಇದ್ದಾಗ ಇಬ್ಬರೂ ಕಾದಿರಬೇಕು. ಆಮೇಲೆ ಅವನೊಬ್ಬನೇ.

“ಉಂಗುರ ಏನು ಮಾಡಿದ್ರು?”

“ಬೆರಳಲ್ಲಿ ಒಂದು ಸುತ್ತು ಮುಟ್ಟಿ ನೋಡಿದ್ರು. ಒಳಗಡೆ ಹರಿದಿತ್ತಲ್ಲ, ಅಲ್ಲಿಗೆ ಬಂದಾಗ ಬೆರಳು ನಿಲ್ಲಿಸಿದ್ರು. ಆಮೇಲೆ ಜೇಬಿಗೆ ಹಾಕ್ಕೊಂಡು ಗಾಡಿ ಹತ್ತಿದ್ರು.” ಲಾರಿಯವನು ಗೇರ್ ಹಾಕಿದ. “ಅವರಿಗೆ ಏನಾದ್ರೂ ಹೇಳ್ಬೇಕಾ? ನಾಳೆ ಅಲ್ಲಿಗೇ ಹೋಗ್ತೀನಿ.”

ನಾಳೆ ಎಂಬ ಮಾತನ್ನು ಕೇಳಿ ಅವನು ತಲೆಯೆತ್ತಿದ.

“ಈಗ ಎಲ್ಲಿಗೆ ಹೋಗ್ತಿದೀಯ?”

“ಈಗ? ಡೀಸೆಲ್ ಹಾಕಿಸ್ಕೊಂಡು ಮನೆಗೆ. ಅದೇ ಕಡೆ ನಮ್ಮನೆ. ಯಾಕೆ?”

ಅವನು ಒಳಗೆ ಹೋದ. ಮೊಳಕೈವರೆಗೂ ಸೋಪು ಹಚ್ಚಿ ಕೈ ತೊಳೆದುಕೊಂಡ. ಟವೆಲನ್ನು ಮಡಿಸಿಟ್ಟ. ಗೋಡೆಯಲ್ಲಿ ಒಂದು ಮೊಳೆ ಖಾಲಿಯಿತ್ತು. ಇನ್ನೊಂದರಿಂದ ಕನ್ನಡಕವನ್ನು ತೆಗೆದು ಜೇಬಿಗೆ ಹಾಕಿಕೊಂಡ. ಬಾಗಿಲು ಎಳೆದುಕೊಳ್ಳುವ ಮೊದಲು ತಿರುಗಿ, ಎರಡನೇ ಕುರ್ಚಿಯ ಮೇಲಿದ್ದ ಬ್ಯಾಟರಿಯನ್ನು ಎತ್ತಿ ನೆಲಕ್ಕಿಟ್ಟ. ಅದಿದ್ದ ಕಡೆ ಚೌಕಾಕಾರದ ಕಲೆ ಉಳಿದಿತ್ತು. ಅಂಗೈಯಿಂದ ಒರೆಸಿದ, ಹೋಗಲಿಲ್ಲ.

ಹೊರಗೆ ಲಾರಿಯವನು ಹಾರ್ನ್ ಹೊಡೆದ.